ಸನ್ನಿಸೈಡ್ ಮನೆ, ಸೈಪ್ರಸ್ ಸ್ಟಾಂಪ್: ಜನರಲ್ ತಿಮ್ಮಯ್ಯ ಮ್ಯೂಸಿಯಂ ಮತ್ತು ಅಂಚೆ ಚೀಟಿ ಬಗ್ಗೆ ನೀವು ತಿಳಿದಿರಬೇಕಾದ್ದು

ಮಡಿಕೇರಿ: ನಮ್ಮೂರಿನ ಸನ್ನಿಸೈಡ್ ಮನೆ ಎಂದರೆ ಈಗಿನ ಹುಡುಗರಿಗೆ ಮ್ಯೂಸಿಯಂ. ಸ್ವಲ್ಪ ವಯಸ್ಸಾದವರನ್ನು ಕೇಳಿ ನೋಡಿ, "ಓ, ಹಳೇ ಆರ್‌ಟಿಓ ಆಫೀಸಾ?" ಅಂತಾರೆ. ಎರಡೂ ಸರಿಯೇ. ದೇಶದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರು ಆಡಿ ಬೆಳೆದ ಮನೆಯಲ್ಲಿ ವರ್ಷಗಟ್ಟಲೆ ಲೈಸೆನ್ಸ್, ಎಫ್‌ಸಿ, ಪರ್ಮಿಟ್ ಕೆಲಸ ನಡೆದಿತ್ತು. ಲಾರಿ ಡ್ರೈವರುಗಳು, ಜೀಪು ಮಾಲೀಕರು ಅರ್ಜಿ ಹಿಡಿದು ನಿಂತಿದ್ದ ಆ ವರಾಂಡದಲ್ಲೇ ಒಂದು ಕಾಲಕ್ಕೆ ಮೂವರು ಅಣ್ಣತಮ್ಮಂದಿರು ಓಡಾಡಿಕೊಂಡಿದ್ದರು, ಮೂವರೂ ಮುಂದೆ ಸೇನೆಯ ಅಧಿಕಾರಿಗಳಾದರು ಎಂಬುದು ಕ್ಯೂನಲ್ಲಿ ನಿಂತ ಎಷ್ಟು ಜನರಿಗೆ ಗೊತ್ತಿತ್ತೋ.

ಈ ಮನೆಯ ಬಗ್ಗೆ, ತಿಮ್ಮಯ್ಯನವರ ಬಗ್ಗೆ "ಸ್ಟಾಂಪ್ ಬಂದಿದೆ" ಎಂಬ ಮಾತು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. ಒಬ್ಬರು ಸೈಪ್ರಸ್ ಸ್ಟಾಂಪಿನ ಫೋಟೋ ಹಾಕಿ ಭಾರತದ್ದು ಅಂತಾರೆ, ಇನ್ನೊಬ್ಬರು ಯಾವುದೋ ಲಕೋಟೆ ಹಾಕಿ ಅದನ್ನೇ ಸ್ಟಾಂಪ್ ಅಂತಾರೆ. ಪ್ರವಾಸಿಗಳು ಕೇಳಿದರೆ ಹೇಳಲಿಕ್ಕೆ ನಮ್ಮ ಅಂಗಡಿಯವರಿಗೂ ಸರಿಯಾದ ಮಾಹಿತಿ ಬೇಕಲ್ಲ. ಹಾಗಾಗಿ ಮನೆಯ ಕಥೆ, ಸ್ಟಾಂಪಿನ ಕಥೆ, ಒಂದು ಕಟ್ಟಡ ಸ್ಟಾಂಪಿನ ಮೇಲೆ ಬರುವುದು ಹೇಗೆ ಎಂಬ ಲೆಕ್ಕ, ಮೂರನ್ನೂ ಒಂದೇ ಕಡೆ ಬರೆದಿಟ್ಟಿದ್ದೇವೆ.

ಮನೆ ಯಾರದ್ದು?

ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಮನೆಯವರಿಗೆ 'ದುಬ್ಬು', ಸೇನೆಯಲ್ಲಿ 'ಟಿಮ್ಮಿ'. ತಾಯಿ ಸೀತಮ್ಮ ಸಮಾಜಸೇವೆಗೆ ಹೆಸರಾದವರು, ಅದಕ್ಕಾಗಿ ಆಗಿನ ಸರ್ಕಾರದ ಕೈಸರ್-ಎ-ಹಿಂದ್ ಪದಕ ಪಡೆದವರು. ಹುಡುಗನನ್ನು ಮೊದಲು ಕೂನೂರಿಗೆ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಕಳಿಸಿದರು. ಅಲ್ಲಿಂದ ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಕಮಿಷನ್.

ಅಣ್ಣತಮ್ಮಂದಿರ ಕಥೆ ಮಾತ್ರ ನಿಂತು ಕೇಳಬೇಕಾದ್ದು. ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯ ಬ್ರಿಟಿಷ್ ಇಂಡಿಯನ್ ಆರ್ಮಿ ಪರವಾಗಿ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡುತ್ತಿದ್ದರು. ಅಣ್ಣ ಪೊನ್ನಪ್ಪ ಸುಭಾಷ್‌ಚಂದ್ರ ಬೋಸರ ಐಎನ್‌ಎ ಸೇರಿದ್ದರು. ಅಂದರೆ ಒಂದೇ ತಾಯಿಯ ಮಕ್ಕಳು ಯುದ್ಧದ ಎರಡು ಬದಿಗೆ. ಇನ್ನೊಬ್ಬ ಸಹೋದರ ಸೋಮಯ್ಯ 1947-48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬ್ ಅಪಘಾತದಲ್ಲಿ ತೀರಿಹೋದರು. ಅದೇ ಕಾಶ್ಮೀರದಲ್ಲಿ ತಿಮ್ಮಯ್ಯ ಡಿವಿಷನ್ ಕಮಾಂಡರ್. ಮ್ಯೂಸಿಯಂ ನೋಡಲು ಹೋದವರು ಟ್ಯಾಂಕಿನ ಮುಂದೆ ಸೆಲ್ಫಿ ತೆಗೆದು ವಾಪಸ್ ಬರ್ತಾರೆ. ಆ ಮನೆಯ ಒಳಗೆ ಒಬ್ಬ ತಾಯಿ ಇಂಥ ಮೂರು ದಿಕ್ಕಿನ ಸುದ್ದಿ ಕಾಯುತ್ತಾ ಕೂತಿದ್ದಿರಬಹುದು ಅಂತ ಒಂದು ನಿಮಿಷ ಯೋಚಿಸಿದರೆ ಮನೆ ಬೇರೆಯೇ ಕಾಣುತ್ತದೆ. ಇದು ನನ್ನ ಅನಿಸಿಕೆ ಅಷ್ಟೇ.

ಜೋಜಿಲಾ ಗೊತ್ತಿರಬೇಕು

ಗೈಡುಗಳು ಒಂದೇ ಒಂದು ಘಟನೆ ಹೇಳುವುದಾದರೆ ಇದನ್ನು ಹೇಳಲಿ. 1948ರಲ್ಲಿ ಲಡಾಖ್‌ಗೆ ಹೋಗುವ ದಾರಿ ಜೋಜಿಲಾ ಕಣಿವೆಯಲ್ಲಿ ಕಟ್ಟಾಗಿತ್ತು. ಮೇಲಿನ ಬಂಡೆಗಳಲ್ಲಿ ಎದುರಾಳಿಗಳು ಕೂತಿದ್ದರು, ಕಾಲಾಳುಗಳು ಹೋದರೆ ಗುಂಡು. ಎತ್ತರ 11 ಸಾವಿರ ಅಡಿಗೂ ಮೇಲೆ. ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ಹತ್ತಿಸುವ ನಿರ್ಧಾರ ಮಾಡಿದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರ್ತದೆ ಅಂತ ಯಾರೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಸಾಗಿಸಿದರು, ತುಪ್ಪಳ ಹಾದಿಯನ್ನು ಮದ್ರಾಸ್ ಸ್ಯಾಪರ್ಸ್‌ನವರು ಅಗಲ ಮಾಡಿಕೊಟ್ಟರು. ಈ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು, ದಾರಿ ತೆರೆಯಿತು. ಲೇಹ್ ಉಳಿಯಲಿಕ್ಕೆ ಈ ದಾಳಿ ದೊಡ್ಡ ಕಾರಣ.

ಆಮೇಲೆ ಕೊರಿಯಾ. 1953ರಲ್ಲಿ ಯುದ್ಧ ನಿಂತ ಮೇಲೆ ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಎಂದು ಕೂತ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ, ಅದಕ್ಕಾಗಿ ಮಾಡಿದ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದು ತಿಮ್ಮಯ್ಯ. 1954ರಲ್ಲಿ ಪದ್ಮಭೂಷಣ ಸಿಕ್ಕಿತು. 1957ರ ಮೇಯಿಂದ 1961ರ ಮೇವರೆಗೆ ಭೂಸೇನಾ ಮುಖ್ಯಸ್ಥರು. ಮಧ್ಯೆ 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಆಗದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ತಗೊಂಡರು. ಅದರ ಬಗ್ಗೆ ಇವತ್ತಿಗೂ ಚರ್ಚೆ ಉಂಟು. ಅದು ಬೇರೆಯೇ ಲೇಖನಕ್ಕೆ ಆಗುವಷ್ಟು ವಿಷಯ, ಇಲ್ಲಿ ಬೇಡ.

ಸೈಪ್ರಸ್ ಯಾಕೆ ಸ್ಟಾಂಪ್ ತಂದಿತು?

ನಿವೃತ್ತಿ ಆದ ಮೇಲೆ ಊರಿನಲ್ಲಿ ಕಾಫಿ ತೋಟ ನೋಡಿಕೊಂಡು ಇರಬಹುದಿತ್ತು. ಆದರೆ 1964ರಲ್ಲಿ ವಿಶ್ವಸಂಸ್ಥೆ ಕರೆಯಿತು. ಸೈಪ್ರಸ್ ಎಂದರೆ ಟರ್ಕಿಯ ಕೆಳಗೆ ಸಮುದ್ರದ ನಡುವೆ ಇರುವ ಸಣ್ಣ ದ್ವೀಪ. ಅಲ್ಲಿ ಗ್ರೀಕ್ ಮಾತಾಡುವವರಿಗೂ ಟರ್ಕಿ ಮಾತಾಡುವವರಿಗೂ ಗಲಾಟೆ ಜೋರಾಗಿ, ಆ ವರ್ಷದ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತ್ತು. ಆ ಪಡೆಯ ಮೊದಲ ಕಮಾಂಡರ್ ಕೂಡ ಭಾರತದವರೇ, ಲೆಫ್ಟಿನೆಂಟ್ ಜನರಲ್ ಗ್ಯಾನಿ. ಅವರ ನಂತರ ಹೋದವರು ತಿಮ್ಮಯ್ಯ. ಎರಡು ಕಡೆಯವರ ನಡುವೆ ನಿಂತು ಗುಂಡು ಹಾರದ ಹಾಗೆ ನೋಡಿಕೊಳ್ಳುವ ಕೆಲಸ. ಯುದ್ಧ ಗೆದ್ದರೆ ಪದಕ ಸಿಗುತ್ತೆ. ಯುದ್ಧ ಆಗದ ಹಾಗೆ ನೋಡಿಕೊಂಡರೆ ಯಾರು ನೆನಪಿಟ್ಟುಕೊಳ್ತಾರೆ ಹೇಳಿ?

ಸೈಪ್ರಸ್‌ನವರು ನೆನಪಿಟ್ಟುಕೊಂಡರು. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿರುವಾಗಲೇ, ಹೃದಯಾಘಾತದಿಂದ ತಿಮ್ಮಯ್ಯ ತೀರಿಕೊಂಡರು. ವಯಸ್ಸು ಇನ್ನೂ 60 ತುಂಬಿರಲಿಲ್ಲ. ಮರುವರ್ಷ, 1966ರಲ್ಲಿ, ಸೈಪ್ರಸ್ ಸರ್ಕಾರ ಅವರ ಚಿತ್ರ ಇರುವ ಸ್ಮರಣಾರ್ಥ ಅಂಚೆ ಚೀಟಿ ಬಿಡುಗಡೆ ಮಾಡಿತು. ಅಲ್ಲಿನ ಲಾರ್ನಾಕಾ ಪಟ್ಟಣದ ಒಂದು ಮುಖ್ಯ ರಸ್ತೆಗೂ ಜನರಲ್ ತಿಮ್ಮಯ್ಯ ಹೆಸರಿದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರದ್ದೇ ಹೆಸರು ಇಟ್ಟಿದ್ದಾರೆ, ಆದರೆ ಆಟೋದವರಿಗೆ ಆ ಹೆಸರು ಹೇಳಿದರೆ ತಲೆ ಕೆರೆದುಕೊಳ್ತಾರೆ, ರಿಚ್ಮಂಡ್ ರೋಡ್ ಅಂದರೇ ಸರಿ.

ಆ ಸ್ಟಾಂಪಿನ ಮುಖಬೆಲೆ 50 ಮಿಲ್ಸ್. ಆಗ ಸೈಪ್ರಸ್‌ನ ಒಂದು ಪೌಂಡ್‌ಗೆ 1000 ಮಿಲ್ಸ್. ನಮ್ಮ ರೂಪಾಯಿಗೆ ಪೈಸೆ ಇದ್ದ ಹಾಗೆ. ಸೈಪ್ರಸ್ ಸ್ಟಾಂಪ್ ಗುರುತು ಹಿಡಿಯುವುದು ಸುಲಭ: ದೇಶದ ಹೆಸರು ಗ್ರೀಕ್, ಟರ್ಕಿ, ಇಂಗ್ಲಿಷ್ ಮೂರರಲ್ಲೂ ಅಚ್ಚಾಗಿರುತ್ತದೆ. ಫಾರ್ವರ್ಡ್ ಬಂದ ಫೋಟೋದಲ್ಲಿ ಈ ಮೂರು ಭಾಷೆ ಕಂಡರೆ ಅದು ಭಾರತದ್ದಲ್ಲ, ಸೈಪ್ರಸ್‌ದು. ಭಾರತದ ಸ್ಟಾಂಪ್ ಆದರೆ 'ಭಾರತ' ಎಂದು ಹಿಂದಿಯಲ್ಲೂ ಇಂಗ್ಲಿಷ್‌ನಲ್ಲೂ ಇದ್ದು, ಬೆಲೆ ರೂಪಾಯಿ ಲೆಕ್ಕದಲ್ಲಿ ಇರಬೇಕು.

ಹಳೇ ಸ್ಟಾಂಪ್ ಮಾರುವವರು ಇದನ್ನು "ಅಪರೂಪದ್ದು, ಲಕ್ಷ ಬೆಲೆ" ಅಂದರೆ ನಂಬಬೇಡಿ. ಇದು ಮಾಮೂಲಿ ಬಿಡುಗಡೆ ಆದ ಸ್ಟಾಂಪ್, ಸಂಗ್ರಾಹಕರ ಬಳಿ ಬೇಕಾದಷ್ಟು ಉಂಟು. ನಮಗೆ ಅದು ದೊಡ್ಡದು ಯಾಕೆಂದರೆ ಅದರ ಮೇಲಿರುವವರು ನಮ್ಮೂರಿನವರು. ಅದಕ್ಕೆ ರೇಟು ಕಟ್ಟಲಿಕ್ಕೆ ಆಗಲ್ಲ, ಆದರೆ ಸ್ಟಾಂಪಿಗೆ ರೇಟು ಇದ್ದೇ ಇರುತ್ತದೆ, ಅದು ಜಾಸ್ತಿ ಏನಲ್ಲ. ಕೊಂಡರೆ ನಾಲ್ಕೂ ಬದಿಯ ಹಲ್ಲು ಸರಿ ಇದೆಯಾ, ಹಿಂದೆ ಗಮ್ ಇದೆಯಾ, ಬಳಸಿದ್ದಾದರೆ ಸೀಲು ಮುಖದ ಮೇಲೆ ಗಾಢವಾಗಿ ಬಿದ್ದಿಲ್ಲವಾ ನೋಡಿಕೊಳ್ಳಿ. ಲಕೋಟೆ ಸಮೇತ ಸಿಕ್ಕರೆ ಸ್ಟಾಂಪ್ ಕಿತ್ತು ತೆಗೆಯಬೇಡಿ, ಹಾಗೇ ಇಡಿ.

ತಿಮ್ಮಯ್ಯ ಒಬ್ಬರೇ ಅಲ್ಲ, ಅದೇ ಕೊಡಂದೇರ ಮನೆತನದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಚಿತ್ರ ಇರುವ ಸ್ಟಾಂಪನ್ನು ನಮ್ಮ ಅಂಚೆ ಇಲಾಖೆಯೇ 1995ರಲ್ಲಿ ತಂದಿತ್ತು. ಇಬ್ಬರನ್ನೂ ಅದಲುಬದಲು ಮಾಡಿ ಹಾಕುವ ಪೋಸ್ಟರುಗಳು ಜಾಸ್ತಿಯಾಗಿವೆ. ಸನ್ನಿಸೈಡ್ ತಿಮ್ಮಯ್ಯ ಅವರದ್ದು, ಕಾರ್ಯಪ್ಪ ಅವರ ಮನೆ ರೋಶನಾರಾ. ಬೋರ್ಡು ಬರೆಸುವವರು ದಯವಿಟ್ಟು ಗಮನಿಸಿ.

ಆರ್‌ಟಿಓಯಿಂದ ಮ್ಯೂಸಿಯಂವರೆಗೆ

ಆಫೀಸು ಖಾಲಿ ಮಾಡಿಸಿ ಮನೆಯನ್ನು ಸ್ಮಾರಕ ಮಾಡಬೇಕೆಂದು ಇಲ್ಲಿನ ನಿವೃತ್ತ ಸೈನಿಕರು, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರು ಬಹಳ ವರ್ಷ ಬೆನ್ನುಹತ್ತಿದರು. ಕೆಲಸ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮೂಲಕ ನಡೆಯಿತು. ಹಳೇ ಹೆಂಚಿನ ಮನೆಯ ರೂಪ ಕೆಡದ ಹಾಗೆ ಸರಿಮಾಡಿ, ಆವರಣದಲ್ಲಿ ಯುದ್ಧ ಸ್ಮಾರಕ ಕಟ್ಟಿ, ಟ್ಯಾಂಕು, ಯುದ್ಧವಿಮಾನ ತಂದು ನಿಲ್ಲಿಸಿದರು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಸೇನಾಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಕೂಡ ಬಂದಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಕೂನೂರಿನ ಹತ್ತಿರ ಹೆಲಿಕಾಪ್ಟರ್ ದುರಂತದಲ್ಲಿ ತೀರಿಹೋದಾಗ ಇಲ್ಲಿ ಬಹಳ ಜನ ಆ ಉದ್ಘಾಟನೆ ದಿನದ ಫೋಟೋಗಳನ್ನೇ ಸ್ಟೇಟಸ್ ಹಾಕಿಕೊಂಡಿದ್ದರು.

ಕಟ್ಟಡ ಸ್ಟಾಂಪಿನ ಮೇಲೆ ಬರುವುದು ಹೇಗೆ?

ಇಲ್ಲೇ ಗೊಂದಲ ಜಾಸ್ತಿ ಇರುವುದು. ಅಂಚೆ ಇಲಾಖೆಯಿಂದ ಬರುವ ಎಲ್ಲವನ್ನೂ ನಾವು ಸ್ಟಾಂಪ್ ಅಂತ ಕರೀತೇವೆ. ಆದರೆ ಅದರಲ್ಲಿ ನಾಲ್ಕು ತರ ಉಂಟು.

ದಿನಬಳಕೆ ಸ್ಟಾಂಪ್ ಒಂದು. ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚಾಗ್ತದೆ, ಕೌಂಟರಿನಲ್ಲಿ ಯಾವಾಗಲೂ ಸಿಗ್ತದೆ. ಸ್ವಾತಂತ್ರ್ಯ ಬಂದ ಮೇಲೆ 1949ರ ಆಗಸ್ಟ್ 15ರಂದು ಇಂಥ ಒಂದು ಸರಣಿ ಬಂತು, ಪೂರ್ತಿ ಹಳೇ ಕಟ್ಟಡ ಮತ್ತು ಶಿಲ್ಪಗಳದ್ದು. ದೆಹಲಿಯ ಕೆಂಪುಕೋಟೆ, ತಾಜ್‌ಮಹಲ್ ಜೊತೆಗೆ 6 ಆಣೆ ಸ್ಟಾಂಪಿನ ಮೇಲೆ ನಮ್ಮ ವಿಜಯಪುರದ ಗೋಲಗುಮ್ಮಟ ಇತ್ತು.

ಸ್ಮರಣಾರ್ಥ ಸ್ಟಾಂಪ್ ಇನ್ನೊಂದು. ಒಬ್ಬ ವ್ಯಕ್ತಿ, ಸಂಸ್ಥೆ, ಘಟನೆಯ ನೆನಪಿಗೆ ಒಮ್ಮೆ ಮಾತ್ರ ಅಚ್ಚಾಗಿ ನಿಲ್ಲುತ್ತದೆ. ಮುಗಿದರೆ ಮುಗಿಯಿತು. ಇದಕ್ಕೆ ತೀರ್ಮಾನ ದೆಹಲಿಯಲ್ಲಿ. ಬಂದ ಪ್ರಸ್ತಾವಗಳನ್ನು ಫಿಲಾಟೆಲಿ ಸಲಹಾ ಸಮಿತಿ ನೋಡುತ್ತದೆ. ಸಾಮಾನ್ಯವಾಗಿ ಬದುಕಿರುವವರ ಮೇಲೆ ಸ್ಟಾಂಪ್ ತರುವುದಿಲ್ಲ. ಅದಕ್ಕೆ ಅಪವಾದಗಳಲ್ಲಿ ಒಂದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ: 1960ರಲ್ಲಿ ನೂರನೇ ಹುಟ್ಟುಹಬ್ಬಕ್ಕೆ ಸ್ಟಾಂಪ್ ಬಂದಾಗ ಅವರು ಇನ್ನೂ ಇದ್ದರು. ವ್ಯಕ್ತಿಯಾಗಲಿ ಕಟ್ಟಡವಾಗಲಿ, ಸುಮ್ಮನೆ "ನಮ್ಮೂರಿನದ್ದು, ಚೆನ್ನಾಗಿದೆ" ಅಂದರೆ ಆಗಲ್ಲ. ಶತಮಾನೋತ್ಸವವೋ ಸುವರ್ಣ ವರ್ಷವೋ ಒಂದು ಲೆಕ್ಕದ ದಿನ ಬೇಕು, ಜಿಲ್ಲೆ ದಾಟಿ ದೇಶಕ್ಕೆ ಸಂಬಂಧಪಟ್ಟ ಮಹತ್ವ ಇದೆ ಅಂತ ದಾಖಲೆ ಸಮೇತ ತೋರಿಸಬೇಕು.

ಮೂರನೆಯದು ವಿಶೇಷ ಲಕೋಟೆ. ನಮ್ಮ ಜಿಲ್ಲೆಗಳಲ್ಲಿ "ಸ್ಟಾಂಪ್ ಬಿಡುಗಡೆ" ಅಂತ ಸುದ್ದಿಯಾಗುವುದರಲ್ಲಿ ಬಹುಪಾಲು ಇದೇ. ಲಕೋಟೆಯ ಮೇಲೆ ಕಟ್ಟಡದ್ದೋ ವಸ್ತುವಿನದ್ದೋ ಚಿತ್ರ ಅಚ್ಚಾಗಿರುತ್ತದೆ, ಅದಕ್ಕೆ ಬೇರೆ ಯಾವುದೋ ಸ್ಟಾಂಪ್ ಅಂಟಿಸಿ, ಆ ದಿನಕ್ಕೆಂದೇ ಮಾಡಿಸಿದ ಚಿತ್ರದ ಸೀಲು ಹೊಡೆಯುತ್ತಾರೆ. ಇದು ರಾಜ್ಯದ ಅಂಚೆ ವೃತ್ತದ ಮಟ್ಟದಲ್ಲೇ ಆಗುತ್ತದೆ, ಸಂಘ ಸಂಸ್ಥೆಗಳು ಖರ್ಚು ಹೊತ್ತು ಮಾಡಿಸಬಹುದು. ಗುರುತು ಹೀಗೆ: ಚಿತ್ರದ ಮೇಲೆಯೇ ಬೆಲೆ ಮತ್ತು 'ಭಾರತ' ಇಲ್ಲವೆಂದರೆ ಅದು ಸ್ಟಾಂಪ್ ಅಲ್ಲ. ವೇದಿಕೆ ಮೇಲೆ ಗಣ್ಯರು ಫ್ರೇಮ್ ಹಿಡಿದು ನಿಂತ ಫೋಟೋದಲ್ಲಿ ಎರಡೂ ಒಂದೇ ತರ ಕಾಣ್ತದೆ, ಹಾಗಾಗಿ ನಮ್ಮಂಥ ವರದಿಗಾರರೂ ತಪ್ಪು ಬರೀತೇವೆ. ನಾನೂ ಒಂದು ಸಲ ಲಕೋಟೆಯನ್ನು ಸ್ಟಾಂಪ್ ಎಂದು ಹೆಡ್‌ಲೈನ್ ಕೊಟ್ಟು, ಪೋಸ್ಟ್‌ಮ್ಯಾನ್ ಒಬ್ಬರ ಬಾಯಲ್ಲಿ ಬೈಸಿಕೊಂಡಿದ್ದೇನೆ.

ನಾಲ್ಕನೆಯದು 'ಮೈ ಸ್ಟಾಂಪ್'. 2011ರಲ್ಲಿ ಶುರುವಾದ ಯೋಜನೆ. ಇಲಾಖೆಯ ಸ್ಟಾಂಪಿನ ಪಕ್ಕದ ಜಾಗದಲ್ಲಿ ನಮ್ಮ ಫೋಟೋ ಅಚ್ಚು ಹಾಕಿಸಿಕೊಳ್ಳಬಹುದು. 12 ಸ್ಟಾಂಪಿನ ಒಂದು ಹಾಳೆಗೆ 300 ರೂಪಾಯಿ ಇಟ್ಟಿದ್ದರು. ಕೊಡುವ ಮುಂಚೆ ಈಗಿನ ದರ ಕೌಂಟರಿನಲ್ಲಿ ಕೇಳಿಕೊಳ್ಳಿ. ಮದುಮಕ್ಕಳ ಫೋಟೋ, ಅಜ್ಜ-ಅಜ್ಜಿ ಫೋಟೋ ಹಾಕಿಸುವವರು ಜಾಸ್ತಿ. ಪಾರಂಪರಿಕ ಕಟ್ಟಡ, ಪ್ರವಾಸಿ ತಾಣದ ಚಿತ್ರಕ್ಕೂ ಅವಕಾಶ ಉಂಟು. ಗುರುತಿನ ಚೀಟಿ ತೋರಿಸಬೇಕು, ಫೋಟೋ ನಿಮ್ಮದೇ ಆಗಿರಬೇಕು, ಇಂಟರ್ನೆಟ್‌ನಿಂದ ಎತ್ತಿದ್ದು ಆಗಲ್ಲ. ಇಂಥ ಹಾಳೆಯಲ್ಲಿ ಒಂದು ಕಟ್ಟಡ ಕಂಡಿತೆಂದು "ಭಾರತ ಸರ್ಕಾರ ಗೌರವಿಸಿದೆ" ಎಂದು ಬರೆಯುವುದು ಮಾತ್ರ ತಪ್ಪು, ದುಡ್ಡು ಕೊಟ್ಟವರು ಮಾಡಿಸಿದ್ದು ಅದು.

ಅಂಗಡಿಯವರಿಗೆ ಒಂದು ಮಾತು

ಕಪ್, ಕೀಚೈನ್, ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ಮೇಲೆ ಸ್ಟಾಂಪ್ ತರದ ಡಿಸೈನ್ ಮಾಡಿಸಿ ಮಾರುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಸರ್ಕಾರಿ ಸ್ಟಾಂಪ್ ನಕಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಂ ಕೆಳಗೆ ಅಪರಾಧ, ಖೋಟಾ ನೋಟಿನ ಜೊತೆಗೇ ಅದನ್ನೂ ಸೇರಿಸಿದ್ದಾರೆ. ಅಲಂಕಾರದ ಚಿತ್ರಕ್ಕೂ ನಿಜವಾದ ನಕಲಿಗೂ ವ್ಯತ್ಯಾಸ ಇದೆ, ಆದರೆ ಇಲಾಖೆಯ ಸ್ಟಾಂಪಿನ ಚಿತ್ರವನ್ನೇ ವಸ್ತುವಿನ ಮೇಲೆ ಹಾಕುವುದಾದರೆ ಮೊದಲು ಬರಹದಲ್ಲಿ ಅನುಮತಿ ಕೇಳಿಕೊಳ್ಳುವುದು ಒಳ್ಳೇದು. ಮನೆಯ ಫೋಟೋವನ್ನು ನೀವೇ ತೆಗೆದು ಪಿಕ್ಚರ್ ಪೋಸ್ಟ್‌ಕಾರ್ಡ್ ಮಾಡಿಸಿದರೆ ಈ ತಲೆನೋವು ಇಲ್ಲ. ಪ್ರವಾಸಿಗಳು ಅದನ್ನು ಕೊಂಡು, ಅಂಚೆ ಕಚೇರಿಯಲ್ಲಿ ಸ್ಟಾಂಪ್ ಅಂಟಿಸಿ, ಮಡಿಕೇರಿ ಸೀಲು ಹೊಡೆಸಿ ತಮ್ಮ ಮನೆಗೇ ಕಳಿಸಿಕೊಳ್ತಾರೆ. ಹೊರದೇಶದವರಿಗೆ ಇದು ಬಹಳ ಇಷ್ಟ.

ನಿಜವಾದ ಸ್ಟಾಂಪ್ ಸಂಗ್ರಹಿಸುವ ಆಸೆ ಇದ್ದರೆ ಬೆಂಗಳೂರು ಜಿಪಿಓದ ಫಿಲಾಟೆಲಿ ಬ್ಯೂರೋದಲ್ಲಿ ಠೇವಣಿ ಖಾತೆ ತೆರೆಯಬಹುದು. 200 ರೂಪಾಯಿಗೆ ಖಾತೆ ಶುರುವಾಗುತ್ತಿತ್ತು. ಹೊಸ ಸ್ಟಾಂಪ್ ಬಂದ ಹಾಗೆ ಮನೆಗೇ ಕಳಿಸ್ತಾರೆ, ದುಡ್ಡು ಖಾತೆಯಿಂದ ಕಳೆಯುತ್ತದೆ. ನಮ್ಮ ಕಡೆಯವರು ಕೇಳಿ ಪಡೆಯಬೇಕಾದ ಒಂದು ಉಂಟು: 2017ರ ಏಪ್ರಿಲ್ 23ರಂದು ಬೆಂಗಳೂರು ಜಿಪಿಓದಲ್ಲೇ ಬಿಡುಗಡೆಯಾದ ಕಾಫಿ ಪರಿಮಳದ ಸ್ಟಾಂಪ್. ಮುಖಬೆಲೆ 100 ರೂಪಾಯಿ. ಶ್ರೀಗಂಧ, ಗುಲಾಬಿ, ಮಲ್ಲಿಗೆ ಆದ ಮೇಲೆ ಕಾಫಿಗೆ ಆ ಭಾಗ್ಯ ಬಂತು. ಈಗ ಸಂಗ್ರಾಹಕರ ಹತ್ತಿರವೇ ಹುಡುಕಬೇಕು, ಪರಿಮಳ ಎಷ್ಟು ಉಳಿದಿದೆಯೋ ಅದು ಇಟ್ಟುಕೊಂಡವರ ಪುಣ್ಯ.

ಸನ್ನಿಸೈಡ್‌ಗೆ ಕೇಳುವುದಾದರೆ ಯಾವಾಗ?

ಸಂಘ ಸಂಸ್ಥೆಗಳವರು ಸನ್ನಿಸೈಡ್ ಕಟ್ಟಡದ ಚಿತ್ರ ಇರುವ ಸ್ಟಾಂಪಿಗೆ ಪ್ರಸ್ತಾವ ಕೊಡುವುದಾದರೆ ಕ್ಯಾಲೆಂಡರಿನಲ್ಲಿ ಒಂದು ವರ್ಷ ಎದ್ದು ಕಾಣುತ್ತದೆ. 2031ರ ಫೆಬ್ರವರಿ 6ಕ್ಕೆ ಮ್ಯೂಸಿಯಂ ಆಗಿ 10 ವರ್ಷ. ಅದೇ ವರ್ಷ ಮಾರ್ಚ್ 31ಕ್ಕೆ ತಿಮ್ಮಯ್ಯ ಹುಟ್ಟಿ 125 ವರ್ಷ. ಎರಡು ತಿಂಗಳ ಒಳಗೆ ಎರಡು ದಿನ. ಸ್ಟಾಂಪಿನ ಕೆಲಸ ನಿಧಾನ, ಸಮಿತಿ ಒಪ್ಪಬೇಕು, ಡಿಸೈನ್ ಆಗಬೇಕು, ನಾಸಿಕ್‌ನಲ್ಲೋ ಹೈದರಾಬಾದ್‌ನಲ್ಲೋ ಸರ್ಕಾರದ ಭದ್ರತಾ ಮುದ್ರಣಾಲಯದಲ್ಲಿ ಅಚ್ಚಾಗಬೇಕು. ದಿನ ಹತ್ತಿರ ಬಂದ ಮೇಲೆ ಮನವಿ ಹಿಡಿದು ಓಡಿದರೆ ಆಗುವುದಿಲ್ಲ, ಕಡಿಮೆ ಎಂದರೂ ಎರಡು ವರ್ಷ ಮೊದಲೇ ಕಾಗದ ಹೋಗಿರಬೇಕು.

ಪ್ರಸ್ತಾವದ ಜೊತೆ ಏನು ಇರಬೇಕು? ಮನೆಯ ಇತಿಹಾಸ ಎರಡು-ಮೂರು ಪುಟ, ಅದಕ್ಕೆ ಆಧಾರವಾದ ದಾಖಲೆ, ಒಳ್ಳೇ ಗುಣಮಟ್ಟದ ಫೋಟೋ, ತಿಮ್ಮಯ್ಯ ಅವರ ಸೇವಾ ವಿವರ, 2021ರ ಉದ್ಘಾಟನೆಯ ಕಾಗದಪತ್ರ. 1966ರ ಸೈಪ್ರಸ್ ಸ್ಟಾಂಪಿನ ಒಂದು ಪ್ರತಿ ಲಗತ್ತಿಸಿದರೆ ಬೇರೆ ದೇಶ ಮೊದಲೇ ಗೌರವಿಸಿದ್ದಕ್ಕೆ ಸಾಕ್ಷಿ ಆಗುತ್ತದೆ. ವಿಳಾಸ: ಅಂಚೆ ಇಲಾಖೆ, ಫಿಲಾಟೆಲಿ ವಿಭಾಗ, ಡಾಕ್ ಭವನ, ಸಂಸದ್ ಮಾರ್ಗ, ನವದೆಹಲಿ 110001. ಒಂದು ಪ್ರತಿಯನ್ನು ಬೆಂಗಳೂರಿನಲ್ಲಿರುವ ಕರ್ನಾಟಕ ವೃತ್ತದ ಚೀಫ್ ಪೋಸ್ಟ್ ಮಾಸ್ಟರ್ ಜನರಲ್ ಕಚೇರಿಗೂ ಕೊಡಿ. ಸ್ಟಾಂಪ್ ಆಗದಿದ್ದರೆ ವಿಶೇಷ ಲಕೋಟೆಗಾದರೂ ಅಲ್ಲಿಂದಲೇ ದಾರಿ. ಕಳಿಸುವಾಗ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ.